ಗುರಿಹಲಗೆಯ ಹಿಂದೆ

ಕೋವಿ ಹಿಡಿದ ಏಳು ಗಂಡಸರನ್ನು ಒಬ್ಬ ಹೆಂಗಸು ಎಲೆಯಡಿಕೆ ಜಗಿಯುತ್ತ ಮುಕ್ಕಾಲು ಗಂಟೆ ಕಾಯಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಏಳರಲ್ಲಿ ನಾಲ್ವರು ಕಾಫಿ ಪ್ಲಾಂಟರುಗಳು, ಒಬ್ಬ ಅತ್ತಿಗುಂಡಿ ಕಡೆಯ ಇಂಗ್ಲಿಷ್ ದೊರೆ, ಒಬ್ಬ ಯಾರೋ ಅಮಲ್ದಾರರ ಬಾಮೈದ. ಉಳಿದ ಒಬ್ಬರು ಬಣಕಲ್ಲಿನ ರುದ್ರಪ್ಪನವರು. ತಪ್ಪು ರುದ್ರಪ್ಪನವರದು. ಆ ಹೆಂಗಸು, ಗಿಡ್ಡಮ್ಮ, ಗುರಿಹಲಗೆಯ ಕಾಗದ ಬದಲಿಸಲು ಆ ಕಡೆ ಹೋಗಿದ್ದಾಗ, ಇವರು ಮಣೆಯ ಮೇಲಿಟ್ಟಿದ್ದ ತಮ್ಮ ಹೊಸ ಜೋಡಿನಳಿಗೆ ಕೋವಿಯನ್ನು ಎತ್ತಿ ಅದರ ಮೇಲಿನ ಹೂಬಳ್ಳಿ ಕೆತ್ತನೆಯನ್ನು ಪಕ್ಕದವರಿಗೆ ತೋರಿಸಿದರು. ಒಳಗೆ ತೋಟಾ ಇರಲಿಲ್ಲ. ನಳಿಗೆ ಆಕಾಶ ನೋಡುತ್ತಿತ್ತು. ಆದರೂ ಗಿಡ್ಡಮ್ಮ ಹಲಗೆಯ ಬುಡದಲ್ಲೇ ಕುಕ್ಕರುಗಾಲಲ್ಲಿ ಕೂತು, ಸೊಂಟದ ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರತೊಡಗಿದಳು. ಕೋಲಿನ ತುದಿಯಲ್ಲಿ ಕೆಂಪು ಬಟ್ಟೆ ಹಾರುತ್ತಲೇ ಇತ್ತು. ಕೆಂಪು ಬಟ್ಟೆ ಇರುವಷ್ಟು ಹೊತ್ತು ಯಾರೂ ಕೋವಿ ಮುಟ್ಟುವಂತಿಲ್ಲ. ಮತ್ತು ಏರಿಸಿದವರೇ ಅದನ್ನು ಇಳಿಸಬೇಕು, ಬೇರೆಯವರು ಕೈಹಾಕುವ ಹಾಗಿಲ್ಲ. ಅದು ಅವಳು ಮಾಡಿದ ಕಟ್ಟಳೆ.

ರುದ್ರಪ್ಪನವರು ಕೋವಿ ಕೆಳಗಿಟ್ಟು ಐದು ಹೆಜ್ಜೆ ಹಿಂದೆ ಸರಿದು, "ಆಯ್ತು ಮಾರಾಯ್ತಿ, ಇಟ್ಟೆ" ಎಂದು ಕೂಗಿದ ಮೇಲೂ ಅವಳು ಏಳಲಿಲ್ಲ. ಎರಡನೆಯ ಎಲೆ ಹಾಕಿದಳು. "ಇನ್ನೊಂದ್ಸಲ ನೆನಪಿರ್ಲಿ ಅಂತ ರೈಟ್ರೇ" ಎಂದು ಆಮೇಲೆ ನನಗೆ ಹೇಳಿದಳು.

ನಾನು ಆ ಎಸ್ಟೇಟಿನ ರೈಟರು, ಹೆಸರು ರಂಗನಾಥ. ವಾರಕ್ಕೆ ಆರು ದಿನ ಆಳುಗಳ ಹಾಜರಿ ಬರೆಯುವುದು, ಏಳನೆಯ ದಿನ ಪ್ಲಾಂಟರುಗಳು ಹೊಡೆದ ಗುಂಡು ಎಲ್ಲಿ ಬಿತ್ತೆಂದು ಬರೆಯುವುದು. ಸಾವಿರದ ಒಂಬೈನೂರ ಮೂವತ್ತರ ಆಚೀಚಿನ ಮಾತಿದು. ಎಸ್ಟೇಟು ಮೂಡಿಗೆರೆಯಿಂದ ಬಣಕಲ್ಲಿಗೆ ಹೋಗುವ ದಾರಿಯ ಎಡಕ್ಕಿತ್ತು. ಯಜಮಾನರು ತಿಮ್ಮಪ್ಪಗೌಡರು. ಮನುಷ್ಯ ಕೆಟ್ಟವರಲ್ಲ. ತಮ್ಮ ತೋಟದಲ್ಲಿ ನಡೆಯುವುದೆಲ್ಲ, ಮಳೆಯೂ ಸೇರಿ, ತಮ್ಮ ಅಪ್ಪಣೆಯ ಮೇಲೆಯೇ ನಡೆಯುತ್ತದೆ ಎಂದು ನಂಬಿದ್ದರು, ಅಷ್ಟೇ. ರಸ್ತೆಗೆಂದು ಮಣ್ಣು ತೆಗೆದು ಎರಡಾಳು ಎತ್ತರದ ಧರೆಯೊಂದು ಗೋಡೆಯಂತೆ ನಿಂತಿತ್ತು, ಅದರ ಬುಡಕ್ಕೆ ಗುರಿಹಲಗೆ ನೆಡಿಸಿ, ಎದುರು ನೂರು ಗಜ ದೂರಕ್ಕೆ ಒಂದು ಜಗಲಿ ಕಟ್ಟಿಸಿ ಅದಕ್ಕೆ ಗುರಿಕಟ್ಟೆ ಎಂದು ಹೆಸರಿಟ್ಟರು. ಭಾನುವಾರ ಊಟವಾದ ಮೇಲೆ ನೆರೆಹೊರೆಯ ಪ್ಲಾಂಟರುಗಳು ಅಲ್ಲಿ ಸೇರುತ್ತಿದ್ದರು. ಕಾಡುಹಂದಿಗೆ ಹೊಡೆದ ಗುಂಡು ತಪ್ಪಿದರೆ ಹಂದಿಗೆ ಬಿಟ್ಟು ಬೇರೆಯವರಿಗೆ ಗೊತ್ತಾಗುವುದಿಲ್ಲ. ಹಲಗೆಗೆ ಹೊಡೆದರೆ ಹಾಗಲ್ಲ. ಆದ್ದರಿಂದ ಅಲ್ಲಿ ಮಾನ ಕಳೆದುಕೊಳ್ಳಲು ದೂರ ದೂರದಿಂದ ಜನ ಬರುತ್ತಿದ್ದರು.

ಮೊದಲು ಕಾಗದ ಬದಲಿಸುವ ಕೆಲಸ ಗಿಡ್ಡಮ್ಮನ ಗಂಡ ಬೆಳ್ಳಿಯಪ್ಪನದಾಗಿತ್ತು. ಆಗ ಕೆಂಪು ಬಟ್ಟೆಯೂ ಇರಲಿಲ್ಲ, ಕಟ್ಟಳೆಯೂ ಇರಲಿಲ್ಲ. "ಹೋಯ್, ಹೊಡೀಬೇಡಿ" ಎನ್ನುವುದೊಂದೇ ಕಾಪು. ಮೂರನೆಯ ಭಾನುವಾರ ಅವನು ಹಾಗೆ ಕೂಗುತ್ತಿದ್ದಾಗಲೇ ಯಾರದೋ ಗುಂಡು ಅವನ ಅಡಿಕೆಹಾಳೆಯ ಟೋಪಿಯನ್ನು ಹಾರಿಸಿಕೊಂಡು ಹೋಯಿತು. ಯಾರ ಗುಂಡೆಂದು ಇವತ್ತಿಗೂ ಒಪ್ಪಿಕೊಂಡವರಿಲ್ಲ. ಬೆಳ್ಳಿಯಪ್ಪ ಟೋಪಿ ಎತ್ತಿ ನೋಡಿ, ತಲೆ ಮುಟ್ಟಿ ನೋಡಿ, ಹರಕೆ ಒಪ್ಪಿಸಿ ಬರುತ್ತೇನೆಂದು ಹೊರನಾಡಿಗೆ ಹೋದವನು ಅಲ್ಲೇ ದೇವಸ್ಥಾನದ ಸೌದೆ ಒಡೆಯುವ ಕೆಲಸಕ್ಕೆ ನಿಂತುಬಿಟ್ಟ. ಅಮ್ಮನವರ ಅನ್ನ ಮೂರು ಹೊತ್ತೂ ಸಿಗುತ್ತಿತ್ತು, ಗಿಡ್ಡಮ್ಮನ ಬಾಯಿ ಒಂದು ಹೊತ್ತೂ ಇರಲಿಲ್ಲ. ಅವನಿಗೆ ಮನೆ ನೆನಪಾಗಬೇಕಾದರೂ ಯಾಕೆ.

ಮುಂದಿನ ಭಾನುವಾರ ಗಿಡ್ಡಮ್ಮ ತಾನಾಗಿ ಬಂದು, ಆ ಕೆಲಸ ನಾನು ಮಾಡುತ್ತೇನೆ, ಆದರೆ ನಾನು ಹೇಳಿದ ಹಾಗೆ ನಡೆಯಬೇಕು ಎಂದಳು. ಗೌಡರು ನಕ್ಕರು. ನಕ್ಕವರು ಹೂಂ ಎಂದೂ ಬಿಟ್ಟರು, ಬೇರೆ ಯಾರೂ ಆ ಹಲಗೆಯ ಹತ್ತಿರ ಹೋಗಲು ತಯಾರಿರಲಿಲ್ಲ. ಹಾಗೆ ನಗುನಗುತ್ತ ಕೊಟ್ಟ ಅಧಿಕಾರವನ್ನು ಅವಳು ಒಂದು ದಿನವೂ ನಗುತ್ತ ನಡೆಸಲಿಲ್ಲ.

ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯವರ ಕಾಟ ಬೇರೆ. ನಮ್ಮ ಕಡೆಯ ತೇವಕ್ಕೆ ಮದ್ದು ಮಂದವಾಗಿರುತ್ತದೆ. ಬೆರಳಲ್ಲಿ ಬಿಲ್ಲೆಳೆದರೆ ಕುದುರೆ ಎಂಬ ಪುಟ್ಟ ಸುತ್ತಿಗೆ ಬೀಳುತ್ತದೆ, ಕಿಡಿ ಕೊಡುವ ಕೇಪು ಚಟ್ಟೆನ್ನುತ್ತದೆ, ಕೋವಿ ಸುಮ್ಮನಿರುತ್ತದೆ. ಆಗ ನಮ್ಮವರು ಮಾಡುವ ಮೊದಲ ಕೆಲಸವೆಂದರೆ ಕೋವಿ ತಿರುಗಿಸಿ ನಳಿಗೆಯೊಳಗೆ ಇಣುಕುವುದು, ಒಳಗೆ ಯಾರಾದರೂ ಕೂತಿದ್ದಾರೋ ಎಂಬಂತೆ. ಗಿಡ್ಡಮ್ಮನ ಕಟ್ಟಳೆಯಲ್ಲಿ, ಹಾರದ ಕೋವಿಯನ್ನು ಧರೆಯ ಕಡೆಗೇ ಹಿಡಿದು ಒಂದು ಎಲೆಯಡಿಕೆ ಜಗಿದು ಉಗುಳುವಷ್ಟು ಹೊತ್ತು ಅಲ್ಲಾಡದೆ ನಿಲ್ಲಬೇಕು. ಜಗಿಯುವವಳು ಅವಳು, ನಿಲ್ಲುವವರು ಇವರು. ಅಮಲ್ದಾರರ ಬಾಮೈದ ಇದನ್ನು ಕೇಳಿ ಹುಬ್ಬು ಹಾರಿಸಿ ನಳಿಗೆಗೆ ಕಣ್ಣಿಡಲು ಹೋದಾಗ, ಬಟ್ಟೆಯ ಕೋಲಿನಿಂದ ಅವನ ಮೊಣಕೈಗೆ ಒಂದು ಬಿಟ್ಟಳು. ಅವನು "ನಾನು ಯಾರು ಗೊತ್ತಾ" ಎಂದ. "ಈಗ ಗೊತ್ತುಂಟು. ಗುಂಡು ಹಾರಿದ್ಮೇಲೆ ಗುರ್ತು ಸಿಕ್ತಿರ್ಲಿಲ್ಲ" ಎಂದಳು.

ಇನ್ನೊಬ್ಬರು ಗುರಿ ಹಿಡಿದಾಗ ಪಕ್ಕದವರು ಬಾಯಿ ಬಿಡಬಾರದು. ಕೇಳದೆ ಬುದ್ಧಿ ಹೇಳಬಾರದು. ಬ್ರಾಂದಿ ಸೀಸೆ ಇದ್ದವರು ಬಂದ ಕೂಡಲೇ ಅದನ್ನು ಅವಳ ಬುಟ್ಟಿಗೆ ಹಾಕಿ, ಕೊನೆಯ ಗುಂಡಾದ ಮೇಲೆ ಈಸಿಕೊಳ್ಳಬೇಕು. ದೊರೆಯೂ ಸೊಂಟದ ಸೀಸೆ ಬಿಚ್ಚಿ ಕೊಡುತ್ತಿದ್ದ. ಗುರಿ ತಪ್ಪಿದವರಿಗೆ ನೆಪ ಹೇಳುವ ಅವಕಾಶವಿತ್ತು, ಆದರೆ ದಿನಕ್ಕೆ ಒಂದೇ. ಮೊದಲ ಗುಂಡಿಗೇ "ತೋಟಾ ಹಳೇದು" ಎಂದು ಖರ್ಚು ಮಾಡಿಕೊಂಡವರು ಆಮೇಲೆ ಗಾಳಿ, ನೊಣ, ಬೆನ್ನುನೋವು ಯಾವುದನ್ನೂ ಎತ್ತುವಂತಿರಲಿಲ್ಲ. ನಾಲ್ಕು ಗುಂಡು ತಪ್ಪಿ ಮೂರು ನೆಪ ಹೊಟ್ಟೆಯಲ್ಲಿಟ್ಟುಕೊಂಡು ಮನೆಗೆ ಹೋಗುವ ಪ್ಲಾಂಟರುಗಳ ಮುಖ ನೋಡಿಯೇ ನನ್ನ ಭಾನುವಾರ ಸಾರ್ಥಕವಾಗುತ್ತಿತ್ತು.

ಇವೆಲ್ಲಕ್ಕಿಂತ ಅವಳು ಹಟ ಹಿಡಿಯುತ್ತಿದ್ದುದು ಒಂದರ ಬಗ್ಗೆ. ಹೊಡೆದ ಗುಂಡು ಎಲ್ಲಿ ಹೋಯಿತೆಂದು ಗೊತ್ತಾಗಲೇಬೇಕು. ಹಲಗೆಗೆ ಬೀಳದಿದ್ದರೆ ಧರೆಯಲ್ಲಿ ಹುಡುಕಬೇಕು, ಸಿಗುವ ತನಕ ಮುಂದಿನವರು ಕಾಯಬೇಕು. ಸಂಜೆ ಕೋಲಿನಿಂದ ಧರೆ ಕೆದಕಿ ಗುಂಡಿನ ಸೀಸ ತೆಗೆದು, ಕಳಸದಲ್ಲಿದ್ದ ತಮ್ಮನಿಗೆ ಮೀನಿನ ಬೀಸುಬಲೆಗೆ ಭಾರ ಕಟ್ಟಲು ಕಳಿಸುತ್ತಿದ್ದಳು. ಹತ್ತು ವರ್ಷ ಹಾಗೆ ತೆಗೆದು ತೆಗೆದು, ಚಪ್ಪಟೆಯಾದ ಸೀಸ ನೋಡಿ ಇದು ಯಾರ ಕೋವಿಯದೆಂದು ಹೇಳುತ್ತಿದ್ದಳು. ನನಗೆ ನನ್ನ ಅಕ್ಷರದ ಗುರುತು ಅಷ್ಟು ಚೆನ್ನಾಗಿ ಸಿಗುತ್ತಿರಲಿಲ್ಲ.

ಗೌಡರಿಗೆ ಒಂದು ಸಂಕಟವಿತ್ತು. ಫೆಬ್ರವರಿಯಲ್ಲಿ ಕೊಯ್ಲು ಮುಗಿದ ಮೇಲೆ ನಡೆಯುತ್ತಿದ್ದ ವರ್ಷದ ಪಂದ್ಯದಲ್ಲಿ ಅತ್ತಿಗುಂಡಿ ದೊರೆ ಏಳು ವರ್ಷದಿಂದ ಅವರನ್ನು ಸೋಲಿಸುತ್ತಿದ್ದ. ಧರೆ ಇದ್ದದ್ದು ಪಡುವಣಕ್ಕೆ, ಹೊಡೆಯುತ್ತಿದ್ದದ್ದು ಮಧ್ಯಾಹ್ನದ ಮೇಲೆ, ಬಿಸಿಲು ನೇರ ಕಣ್ಣಿಗೆ. ಅದೇ ಬಿಸಿಲು ದೊರೆಯ ಕಣ್ಣಿಗೂ ಬೀಳುತ್ತಿತ್ತು ಎಂದು ಹೇಳುವ ಧೈರ್ಯ ನಮಗಾರಿಗೂ ಇರಲಿಲ್ಲ. "ಬೆಳಿಗ್ಗೆ ಹೊಡೀರಿ ಅಯ್ಯಾ" ಎಂದು ಗಿಡ್ಡಮ್ಮ ಒಮ್ಮೆ ಹೇಳಿ ನೋಡಿದಳು. ಬೆಳಿಗ್ಗೆ ಮಂಜು, ಆಮೇಲೆ ಕಡುಬು, ಅದರ ಮೇಲೆ ಕೋಳಿಸಾರು, ಕಡುಬು ಬಿಟ್ಟು ಕೋವಿ ಹಿಡಿಯುವ ಪದ್ಧತಿ ತಮ್ಮ ಮನೆತನದಲ್ಲಿಲ್ಲ ಎಂದು ಗೌಡರು ಹೇಳಿದರು. ಎಂಟನೆಯ ವರ್ಷ ಅವರು ಗುರಿಯನ್ನೇ ತಿರುಗಿಸಲು ತೀರ್ಮಾನಿಸಿದರು. ಹಲಗೆಯನ್ನು ಧರೆಯಿಂದ ಕೀಳಿಸಿ ಬಡಗಣ ಹಳ್ಳದ ಅಂಚಿನಲ್ಲಿ ನೆಡಿಸಿದರು. ಹಲಗೆಯ ಹಿಂದೆ ಆಳೆತ್ತರದ ಲಂಟಾನ ಪೊದೆ. ಪೊದೆಯ ಹಿಂದೆ, ಕಣ್ಣಿಗೆ ಕಾಣದಂತೆ, ಆಳುಗಳ ಸಾಲುಮನೆಗಳು. ನಾವದನ್ನು ಲೈನು ಎನ್ನುತ್ತೇವೆ. ನಲವತ್ತು ಕೋಣೆ, ಕೋಣೆಗೊಂದು ಸಂಸಾರ. ಮೂರನೆಯ ಕೋಣೆಯಲ್ಲಿ ಗಿಡ್ಡಮ್ಮ.

ಪಂದ್ಯಕ್ಕೆ ಮೂರು ದಿನ ಮುಂಚೆ, ಗುರುವಾರ ಸಂಜೆ, ಗೌಡರು ಹೊಸ ಜಾಗ ಪರೀಕ್ಷೆ ಮಾಡಲು ರೈಫಲ್ಲು ತಂದರು. ನಾನು ಪುಸ್ತಕ ತಂದೆ. ಗಿಡ್ಡಮ್ಮ ಕಣದಲ್ಲಿ ಒಣಗಿದ ಪಾರ್ಚ್‌ಮೆಂಟು ಕಾಫಿಬೀಜ ರಾಶಿ ಮಾಡುತ್ತಿದ್ದಳು, ಅವಳನ್ನು ಕರೆಯಲಿಲ್ಲ. ಮೂರು ಗುಂಡು ಹೊಡೆದರು. ಎರಡು ಹಲಗೆಗೆ ಬಿದ್ದವು, ಅದೂ ಒಳ್ಳೆಯ ಜಾಗದಲ್ಲೇ. ಮೂರನೆಯದು ಬೀಳಲಿಲ್ಲ. ನಾನು ಪುಸ್ತಕದಿಂದ ತಲೆ ಎತ್ತಿದೆ.

"ಲಂಟಾನದಲ್ಲಿ ಎಲ್ಲೋ ಹೋಗಿರುತ್ತೆ ಬಿಡಿ ರೈಟ್ರೇ" ಎಂದರು ಗೌಡರು.

ನಾನು ಬಿಟ್ಟೆ. ಅಲ್ಲಿ ಲೈನಿದೆ ಎಂದು ನನಗೆ ಗೊತ್ತಿತ್ತು. ಹುಡುಕಬೇಕು ಎಂದೂ ಗೊತ್ತಿತ್ತು. ಗೌಡರು ಖುಷಿಯಲ್ಲಿದ್ದರು, ನನಗೂ ಮನೆಗೆ ಹೋಗುವ ಅವಸರವಿತ್ತು. ಪುಸ್ತಕದಲ್ಲಿ ಎರಡು ಗುಂಡಿನ ಲೆಕ್ಕ ಬರೆದು ಮೂರನೆಯದರ ಜಾಗ ಖಾಲಿ ಬಿಟ್ಟು ಮುಚ್ಚಿದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ. ಆವತ್ತು ಆಗಲಿಲ್ಲ.

ಆ ಗುಂಡು ಲಂಟಾನದ ಮೇಲಿನಿಂದ ಹಾದು ಲೈನಿನ ಏಳನೆಯ ಕೋಣೆಯ ಹಿಂಗೋಡೆ ತೂರಿಕೊಂಡು ಮುಂದಿನ ಗೋಡೆಗೆ ನಾಟಿತ್ತು. ಗೋಡೆಗಳೆಂದರೆ ಬಿದಿರುತಟ್ಟಿಗೆ ಮೆತ್ತಿದ ಮಣ್ಣು. ಅದು ಮುತ್ತಮ್ಮನ ಕೋಣೆ. ಅವಳೂ ಕಣದಲ್ಲಿದ್ದಳು, ನಾಲ್ಕು ತಿಂಗಳ ಕೂಸು ಸೀರೆಯ ತೊಟ್ಟಿಲಲ್ಲಿತ್ತು, ಅತ್ತೆ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಟಪ್ಪೆಂದು ಶಬ್ದ ಕೇಳಿ ಅವಳು ಒಳಗೆ ನೋಡಿದರೆ ಕೂಸಿನ ಮುಖದ ತುಂಬ ಗೋಡೆಯ ಮಣ್ಣು. ಕೂಸು ಅಳಲೂ ಇಲ್ಲವಂತೆ, ಸೀನಿತಂತೆ. ಕೆಲಸ ಬಿಟ್ಟು ಬಂದ ಗಿಡ್ಡಮ್ಮ ಗೋಡೆ ಕೆದಕಿ ಸೀಸ ತೆಗೆದು ದೀಪದ ಬೆಳಕಿಗೆ ಹಿಡಿದಳು. ಯಾರದೆಂದು ಯಾರೂ ಕೇಳಲಿಲ್ಲ. ಸೀಸವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮಾರನೆಯ ಬೆಳಿಗ್ಗೆ ಅವಳು ಬಂಗಲೆಗೆ ಬಂದಾಗ ನಾನು ಜಗಲಿಯಲ್ಲಿ ಹಾಜರಿ ಪುಸ್ತಕ ತೋರಿಸುತ್ತಿದ್ದೆ.

"ಅಯ್ಯಾ, ನಿಮ್ ಮೂರನೇ ಗುಂಡು ಸಿಕ್ತು" ಎಂದು ಗಂಟು ಬಿಚ್ಚಿ ಮೆಟ್ಟಿಲ ಮೇಲಿಟ್ಟಳು. ಎಲ್ಲಿ ಸಿಕ್ಕಿತೆಂದೂ ಹೇಳಿದಳು. ಕೂಸಿನ ವಿಷಯವನ್ನೂ ಹೇಳಿದಳು.

ಗೌಡರು ಸೀಸ ನೋಡಿದರು, ಮುಟ್ಟಲಿಲ್ಲ. "ಧರೆಯಿಂದ ತೆಗ್ದ ಹಳೇದನ್ನ ತಂದು ನಂಗೆ ತೋರಿಸ್ತೀಯ? ಗೋಡೇಲಿ ಹೆಗ್ಗಣ ತೋಡಿರ್ಬೇಕು."

"ಹೆಗ್ಗಣ ಸೀಸ ಇಡೂದಿಲ್ಲ ಅಯ್ಯಾ."

"ಆಯ್ತು, ನಿಂಗೆ ಅಷ್ಟು ಹೆದ್ರಿಕೆ ಇದ್ರೆ ಭಾನುವಾರ ಮಧ್ಯಾಹ್ನ ಲೈನಿನವ್ರೆಲ್ಲ ಎಲ್ಲಾದ್ರೂ ಹೋಗ್ಲಿ. ಹೇಗೂ ರಜಾ."

"ಈ ಭಾನುವಾರ ಹೋದಾರು. ಗುರುವಾರ ನಿಮ್ಗೆ ಹೊಡೀಬೇಕು ಅನ್ಸಿದ್ರೆ?"

ಗೌಡರ ಮುಖ ಕೆಂಪಾಯಿತು. "ನೋಡು ಗಿಡ್ಡಮ್ಮ, ತೋಟ ನಂದು, ಗುರಿ ನಂದು. ಹಲಗೆ ಅಲ್ಲೇ ಇರುತ್ತೆ. ಇನ್ನೊಂದು ಮಾತಾಡಿದ್ರೆ ಕೋಣೆ ಖಾಲಿ ಮಾಡಿ ಹೊರನಾಡಿಗೆ ಗಂಡನ ಹತ್ರ ಹೋಗು."

ಅವಳು ಸೀಸ ಎತ್ತಿಕೊಂಡಳು. ಹೋಗುವಾಗ ನನ್ನ ಕಡೆ ನೋಡಿದಳು. ನಾನು ಹಾಜರಿ ಪುಸ್ತಕದಲ್ಲಿ ಏನೋ ಬಹಳ ಮುಖ್ಯವಾದದ್ದನ್ನು ಓದುತ್ತಿದ್ದೆ.

ಭಾನುವಾರ ಕಡುಬು, ಕೋಳಿಸಾರು ಎಲ್ಲ ಮುಗಿದು ಪಂದ್ಯಕ್ಕೆ ಬಂದವರು ಹೊಸ ಜಾಗಕ್ಕೆ ನಡೆದರು. ಬಿಸಿಲು ಎಡಗಡೆಗಿತ್ತು, ಗೌಡರು ಬಲು ಉತ್ಸಾಹದಲ್ಲಿದ್ದರು. ಮೊದಲ ಸರದಿ ದೊರೆಯದು. ಅವನು ರೈಫಲ್ಲು ಎತ್ತಿ ಭುಜಕ್ಕಾನಿಸಿ, ಒಂದು ಕಣ್ಣು ಮುಚ್ಚಿ, ಮತ್ತೆ ಅದನ್ನು ತೆರೆದ. ಕೋವಿ ಇಳಿಸಿದ. ತೋಟಾ ಹೊರತೆಗೆದು, ಕೋವಿಯನ್ನು ತೋಟಾ ತುಂಬುವ ಬಾಯಿ ತೆರೆದೇ ಮಣೆಯ ಮೇಲೆ ಮಲಗಿಸಿ, ಐದು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತ.

ಹಲಗೆಯ ಹಿಂದೆ ಲಂಟಾನದ ಉದ್ದಕ್ಕೂ ಕೆಂಪು ಬಟ್ಟೆ. ಸೀರೆ, ಕುಬುಸ, ತಲೆಗೆ ಸುತ್ತುವ ವಸ್ತ್ರ, ಕೂಸಿನ ಬಟ್ಟೆ, ಒಂದು ಹರಿದ ರಗ್ಗು. ಭಾನುವಾರ ಲೈನಿನಲ್ಲಿ ಬಟ್ಟೆ ಒಗೆಯುವ ದಿನ. ಒಗೆದದ್ದನ್ನು ಪೊದೆಯ ಮೇಲೆ ಹರಡುವುದು ಯಾವತ್ತಿನ ರೂಢಿ. ಸಾಮಾನ್ಯವಾಗಿ ಆಚೆ ಬದಿಗೆ ಹರಡುತ್ತಿದ್ದರು, ಆವತ್ತು ಈಚೆ ಬದಿಗೆ ಹರಡಿದ್ದರು. ಬೇರೆ ಬಣ್ಣದ ಒಂದು ಚಿಂದಿಯೂ ಇರಲಿಲ್ಲ. ಗಿಡ್ಡಮ್ಮ ಮುಂಜಾನೆ ನಲವತ್ತು ಕೋಣೆಗೂ ಹೋಗಿ ಬಂದಿದ್ದಳೆಂದು ಆಮೇಲೆ ತಿಳಿಯಿತು.

"ಅದು ಸೀರೆ" ಎಂದರು ಗೌಡರು.

"ಕೆಂಪು ಇದೆ ಗೌಡ್" ಎಂದ ದೊರೆ. ಅವನಿಗೆ ಕನ್ನಡ ಕಡಿಮೆ, ಭಯ ಜಾಸ್ತಿ. "ಗಿಡ್ಡಮ್ಮ ಇಳಿಸ್ಲಿಲ್ಲ. ನಾನು ಹೊಡೆಯೋದಿಲ್ಲ."

"ಒಗೆದು ಒಣಗಿಸಿದ ಬಟ್ಟೆ ಅದು, ಕಟ್ಟಳೆಯ ಬಟ್ಟೆ ಅಲ್ಲ."

ರುದ್ರಪ್ಪನವರು ಸದ್ದಿಲ್ಲದೆ ತಮ್ಮ ಹೂಬಳ್ಳಿಯ ಕೋವಿಯನ್ನೂ ಮಣೆಯ ಮೇಲಿಟ್ಟರು. "ನಂಗೆ ಗೊತ್ತಿಲ್ಲ ಮಾರಾಯ್ರೇ. ಕೆಂಪು ಅಂದ್ರೆ ಕೆಂಪೇ. ಒಂದ್ಸಲ ಅನುಭವಿಸಿದೀನಿ." ಉಳಿದವರೂ ಒಬ್ಬೊಬ್ಬರಾಗಿ ಇಟ್ಟರು. ಗೌಡರ ಕೋವಿಯೊಂದೇ ಗೌಡರ ಕೈಯಲ್ಲಿ ಉಳಿಯಿತು. ಏಳು ವರ್ಷ ಸೋತು ಕಾದ ಮನುಷ್ಯ. ನನಗೆ ಒಂದು ಗಳಿಗೆ ಅವರ ಮೇಲೆ ಕನಿಕರವೇ ಬಂತು. ಅವರು ಕೋವಿಯನ್ನು ಮಣೆಯ ಮೇಲೆ ಇಟ್ಟರು ಎನ್ನುವುದಕ್ಕಿಂತ ಎಸೆದರು ಎನ್ನಬೇಕು. "ಬನ್ನಿ ರೈಟ್ರೇ" ಎಂದು ಪೊದೆ ಸುತ್ತಿಕೊಂಡು ಲೈನಿಗೆ ಹೊರಟರು. ಲೈನು ಕಟ್ಟಿಸಿದ ಮೇಲೆ ಅವರು ಅಲ್ಲಿಗೆ ಹೋದದ್ದು ಅದೇ ಮೊದಲಿರಬೇಕು, ದಾರಿ ನನ್ನನ್ನು ಕೇಳಿದರು.

ಹೆಂಗಸರು ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಗಿಡ್ಡಮ್ಮ ಮುಂದೆ ಬಂದಳು. ಕೋಣೆಯ ಸಾಮಾನು ಕಟ್ಟಿ ಬಾಗಿಲಲ್ಲಿಟ್ಟಿದ್ದಳು, ಒಂದು ಪಾತ್ರೆ ಗಂಟು, ಒಂದು ಚಾಪೆ.

"ತೆಗೀರಿ ಅವನ್ನೆಲ್ಲ" ಎಂದರು ಗೌಡರು.

"ತೆಗೀತಾರೆ ಅಯ್ಯಾ. ಯಾರ್ದು ಅವರವರೇ ತೆಗೀಬೇಕಲ್ಲ. ಮೊದಲ್ನೇದು ಮುತ್ತಮ್ಮಂದು. ಅವ್ಳು ಒಳಗೆ ಕೂಸು ಮಲಗಿಸ್ತಿದಾಳೆ. ನೀವೇ ಹೇಳಿ."

ಗೌಡರು ಏಳನೆಯ ಕೋಣೆಯ ಬಾಗಿಲಿಗೆ ಹೋದರು. ಬಾಗಿಲು ಅವರ ಎದೆಯ ಎತ್ತರಕ್ಕಿತ್ತು. ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ಬಗ್ಗಿ ಒಳಗೆ ನುಗ್ಗಿದರು. ನಾನು ಹೊಸ್ತಿಲಲ್ಲಿ ನಿಂತೆ. ಮುತ್ತಮ್ಮ ಎದ್ದು ಗೋಡೆಗೆ ಒತ್ತಿ ನಿಂತಳು. ಆ ಕೋಣೆಯಲ್ಲಿ ನಿಲ್ಲಲು ಬೇರೆ ಜಾಗವೂ ಇರಲಿಲ್ಲ. ತೊಲೆಗೆ ಕಟ್ಟಿದ ಸೀರೆಯ ತೊಟ್ಟಿಲು ಇನ್ನೂ ತೂಗುತ್ತಿತ್ತು.

ಹಿಂದಿನ ಗೋಡೆಯಲ್ಲಿ ಕಿರುಬೆರಳು ತೂರುವಷ್ಟು ತೂತು, ಅದರಲ್ಲಿ ಹೊರಗಿನ ಬೆಳಕು. ಗೌಡರು ಅದನ್ನು ನೋಡಿದರು. ತಿರುಗಿ ಮುಂದಿನ ಗೋಡೆಯಲ್ಲಿ ಗಿಡ್ಡಮ್ಮ ಕೆದಕಿದ ಜಾಗ ನೋಡಿದರು. ಮೂವತ್ತು ವರ್ಷ ಈಡುಬೇಟೆ ಮಾಡಿದ ಮನುಷ್ಯನಿಗೆ ಗುಂಡು ಹೋದ ದಾರಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೆರಳನ್ನು ಆ ತೂತಿನ ಮೇಲಿಟ್ಟು, ಅಲ್ಲಿಂದ ಗಾಳಿಯಲ್ಲಿ ನೇರ ಗೆರೆ ಎಳೆಯುತ್ತ ಬಂದರು. ತೊಟ್ಟಿಲ ಮೇಲೆ ಬಂದಾಗ ಕೈ ನಿಂತಿತು. ಮೆಲ್ಲನೆ ಬೆರಳು ಅಗಲಿಸಿ ಕೆಳಕ್ಕೆ ಅಳೆದರು. ಹೆಬ್ಬೆರಳು ಗೆರೆಯಲ್ಲೇ ಇತ್ತು, ಕಿರುಬೆರಳು ಕೂಸಿನ ತಲೆಗೂದಲಿಗೆ ತಾಗಿತು. ಗೇಣೂ ಪೂರ್ತಿ ಬೇಕಾಗಲಿಲ್ಲ.

"ಗುರುವಾರ ಇದು ಎಲ್ಲಿತ್ತು?" ಎಂದು ಕೇಳಿದರು. ಬೇರೆ ಎಲ್ಲಾದರೂ ಇತ್ತು ಎನ್ನಲಿ ಎಂಬ ಆಸೆ ಆ ದನಿಯಲ್ಲಿತ್ತು. ನನಗೂ ಅದೇ ಆಸೆ ಇತ್ತು, ಉತ್ತರ ಗೊತ್ತಿದ್ದೂ.

"ಇಲ್ಲೇ ಅಯ್ಯಾ" ಎಂದಳು ಮುತ್ತಮ್ಮ. "ತೊಟ್ಟಿಲು ಕಟ್ಟೋಕೆ ಇರೋದು ಇದೊಂದೇ ತೊಲೆ."

"ರೈಟ್ರೇ, ಹಲಗೆ ಕೀಳ್ಸಿ" ಎಂದರು ಗೌಡರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಚಾಪೆ ಹಾಸುವಷ್ಟು ಪುರುಸೊತ್ತನ್ನೂ ಮುತ್ತಮ್ಮನಿಗೆ ಕೊಡಲಿಲ್ಲ.